ವಿಶೇಷ ಅಗತ್ಯವುಳ್ಳ ಮಕ್ಕಳ ಪಠ್ಯ: ವಿನಾಯಿತಿ ಬೇರೆ, ಹೊಂದಾಣಿಕೆ ಬೇರೆ

1995ರ ಅಂಗವಿಕಲರ ಕಾಯ್ದೆಯ 30ನೇ ಕಲಮು ಪಠ್ಯಕ್ರಮವನ್ನು ಮರುರೂಪಿಸಬೇಕೆಂದು ಸಾಮಾನ್ಯವಾಗಿ ಹೇಳುವುದರ ಜೊತೆಗೆ ಎರಡು ಸ್ಪಷ್ಟ ಸೂಚನೆಗಳನ್ನು ಕೊಟ್ಟಿತ್ತು. ಅಂಧ ಮತ್ತು ಮಂದದೃಷ್ಟಿಯ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಪರೀಕ್ಷೆಯಿಂದ ಶುದ್ಧ ಗಣಿತದ ಪ್ರಶ್ನೆಗಳನ್ನು ತೆಗೆಯಬೇಕು ಎಂಬುದು ಒಂದು. ಶ್ರವಣದೋಷವುಳ್ಳ ವಿದ್ಯಾರ್ಥಿಗಳು ಒಂದೇ ಭಾಷೆಯನ್ನು ಕಲಿತರೆ ಸಾಕು ಎಂಬುದು ಇನ್ನೊಂದು. ಅಂದಿನ ಸ್ಥಿತಿಯಲ್ಲಿ ಇದು ಸಾವಿರಾರು ಮನೆಗಳಿಗೆ ನೆಮ್ಮದಿ ತಂದ ಕಾನೂನು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎರಡೂ ಸೂಚನೆಗಳು ಹೇಳುವುದು ಏನನ್ನು ಬಿಡಬಹುದು ಎಂಬುದನ್ನೇ. ಕಣ್ಣು ಕಾಣದ ಮಗುವಿಗೆ ಗಣಿತವನ್ನು ಹೇಗೆ ಕಲಿಸಬಹುದು ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ‘ಪಠ್ಯಕ್ರಮದ ಹೊಂದಾಣಿಕೆ’ ಎಂದರೆ ‘ವಿನಾಯಿತಿ’ ಎಂದೇ ಅರ್ಥವಾಗಿರುವುದಕ್ಕೆ ಈ ಬೇರು ಬಹಳ ಆಳದ್ದು.

ಹಿಂದೆ ಹೊರಳಿ ನೋಡಿದರೆ, ಮೊದಲು ಇದ್ದದ್ದು ಪ್ರತ್ಯೇಕ ಶಾಲೆಗಳು ಮಾತ್ರ. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಇಂಥ ಮಕ್ಕಳನ್ನು ಸಾಧ್ಯವಾದ ಮಟ್ಟಿಗೆ ಸಾಮಾನ್ಯ ಶಾಲೆಯಲ್ಲೇ ಓದಿಸಬೇಕೆಂದು 1964-66ರ ಕೊಠಾರಿ ಆಯೋಗ ಶಿಫಾರಸು ಮಾಡಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕಾಗಿ ಒಂದು ಯೋಜನೆ ತಂದು ಪುಸ್ತಕ, ಸಮವಸ್ತ್ರ, ಪ್ರಯಾಣ ಮತ್ತು ಸಾಧನಗಳಿಗೆ ಹಣ ಕೊಟ್ಟಿತು. ಮಗು ಶಾಲೆಯ ಬಾಗಿಲಿನವರೆಗೆ ಬಂದಿತು. ಒಳಗಿನ ಪಾಠ ಮಾತ್ರ ಹಾಗೆಯೇ ಉಳಿಯಿತು.

ಚಿಂತನೆಯ ದಿಕ್ಕು ಬದಲಾದದ್ದು ಹೊರಗಿನಿಂದ. ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಅವರ ಅಧ್ಯಕ್ಷತೆಯ ಸಮಿತಿ 1978ರಲ್ಲಿ ಮಗುವನ್ನು ಅದರ ನ್ಯೂನತೆಯ ಹೆಸರಿನಿಂದ ವಿಂಗಡಿಸುವುದನ್ನು ಬಿಟ್ಟು, ಕಲಿಯಲು ಅದಕ್ಕೆ ಏನು ಬೇಕು ಎಂದು ಕೇಳಬೇಕೆಂದಿತು. ‘ವಿಶೇಷ ಶೈಕ್ಷಣಿಕ ಅಗತ್ಯ’ ಎಂಬ ಪರಿಭಾಷೆ ಬಳಕೆಗೆ ಬಂದದ್ದು ಆ ವರದಿಯಿಂದ. 1994ರ ಜೂನ್‌ನಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ ಸೇರಿದ್ದ 92 ಸರ್ಕಾರಗಳ ಪ್ರತಿನಿಧಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಪಠ್ಯಕ್ರಮವು ಮಗುವಿನ ಅಗತ್ಯಕ್ಕೆ ಹೊಂದಿಕೊಳ್ಳಬೇಕೇ ಹೊರತು ಮಗು ಪಠ್ಯಕ್ರಮಕ್ಕಲ್ಲ ಎಂಬ ನಿಲುವು ಅಲ್ಲಿನ ಕಾರ್ಯಚೌಕಟ್ಟಿನಲ್ಲಿದೆ.

ಈ ಮಾತಿಗೆ ತೀರ ಹತ್ತಿರವಾದ ಕೆಲಸ ಮರುವರ್ಷವೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಆಂಧ್ರಪ್ರದೇಶದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು ಕಟ್ಟಿದ ‘ನಲಿ-ಕಲಿ’ ಪದ್ಧತಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ರೂಪುಗೊಂಡದ್ದಲ್ಲ. ಆದರೂ ಅದರಲ್ಲಿ ಪಾಠ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿಯಾಯಿತು, ಪ್ರತಿ ಮಗುವೂ ತನ್ನ ವೇಗದಲ್ಲಿ ಏರುವಂತಾಯಿತು, ಗೈರುಹಾಜರಾಗಿ ಮರಳಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವಂತಾಯಿತು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಗೆ ‘ತಟ್ಟೆ’ ಎಂದು ಕರೆಯುವ ಒಂದು ಗುಂಪು, ಗೆಳೆಯರ ನೆರವಿನಿಂದ ಕಲಿಯುವವರಿಗೆ ಇನ್ನೊಂದು, ತಾವಾಗಿಯೇ ಕಲಿಯುವವರಿಗೆ ಮತ್ತೊಂದು ಎಂಬ ಏರ್ಪಾಡಿನಲ್ಲಿ ನಿಧಾನವಾಗಿ ಕಲಿಯುವುದು ಅವಮಾನವಾಗಿ ಉಳಿಯಲಿಲ್ಲ. ಅಕ್ಷರಗಳನ್ನು ಕೂಡ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ‘ರ ಗ ಸ ದ ಅ’ ಎಂದು ಆರಂಭಿಸಿದ್ದರಿಂದ, ಮೊದಲ ಗುಂಪು ಮುಗಿಯುವಷ್ಟರಲ್ಲಿ ಮಗು ‘ಅರಸ’, ‘ಸರ’ ಎಂದು ಪದಗಳನ್ನೇ ಓದಬಲ್ಲದು. ಕಲಿಯಬೇಕಾದದ್ದರಲ್ಲಿ ಇಲ್ಲಿ ಏನೂ ಕಡಿಮೆಯಾಗಿಲ್ಲ. ತಲುಪುವ ದಾರಿ ಬದಲಾಗಿದೆ, ಅಷ್ಟೆ.

ಕನ್ನಡ ಲಿಪಿಯನ್ನೇ ತೆಗೆದುಕೊಂಡು ನೋಡಿದರೆ ಈ ವ್ಯತ್ಯಾಸ ಇನ್ನಷ್ಟು ತಿಳಿಯಾಗುತ್ತದೆ. ‘ಸೂರ್ಯ’ ಎನ್ನುವಾಗ ಕಿವಿಗೆ ಮೊದಲು ಬೀಳುವುದು ರಕಾರ, ಆಮೇಲೆ ಯಕಾರ; ಬರೆಯುವಾಗ ಯಕಾರ ಮೊದಲು ಬಂದು ಅರ್ಕಾವತ್ತು ಅದರ ಹಿಂದೆ ನಿಲ್ಲುತ್ತದೆ. ಓದುವುದರಲ್ಲೇ ತೊಡಕಿರುವ ಮಗು ಇಲ್ಲಿ ಎಡವುವುದು ಸಹಜ. ಅದಕ್ಕೆ ಉಕ್ತಲೇಖನದಿಂದ ವಿನಾಯಿತಿ ಕೊಡಬಹುದು. ಇಲ್ಲವೇ ರಕಾರವನ್ನು ಸಾಲಿನಲ್ಲಿ ಬರೆದು ಯಕಾರವನ್ನು ಕೆಳಗೆ ಒತ್ತಾಗಿ ಕೊಡುವ, ಅಷ್ಟೇ ಸಾಧುವಾದ ರೂಪವನ್ನು ಮೊದಲು ಕಲಿಸಿ, ಅರ್ಕಾವತ್ತನ್ನು ಓದಿ ಗುರುತಿಸುವುದಕ್ಕೆ ಮಾತ್ರ ಸದ್ಯಕ್ಕೆ ಇಟ್ಟುಕೊಳ್ಳಬಹುದು. ‘ದ’, ‘ಧ’, ‘ಥ’ಗಳಲ್ಲಿ ಒಂದು ಸೀಳು, ಒಂದು ಚುಕ್ಕಿಯಷ್ಟೇ ವ್ಯತ್ಯಾಸವಿರುವುದರಿಂದ ಅವನ್ನು ಒಂದೇ ವಾರದಲ್ಲಿ ಕಲಿಸದಿರುವುದೂ ಹೊಂದಾಣಿಕೆಯೇ. ಬ್ರೈಲ್‌ನಲ್ಲಿ ಓದುವ ಮಗುವಿಗೆ ಒತ್ತಕ್ಷರ ಕೆಳಗೆ ಇರುವುದೇ ಇಲ್ಲ. ‘ಅಕ್ಕ’ ಎಂಬ ಪದದಲ್ಲಿ ಅದರ ಬೆರಳು ಅಕಾರ, ಹಲಂತದ (ವ್ಯಂಜನಕ್ಕೆ ಸ್ವರವಿಲ್ಲ ಎಂದು ಸೂಚಿಸುವ) ಚುಕ್ಕಿ, ಕಕಾರ, ಮತ್ತೆ ಕಕಾರ ಎಂದು ಸಾಲಾಗಿ ಸರಿಯುತ್ತದೆ. ‘ಕಕಾರದ ಕೆಳಗೆ ಒತ್ತು ಕೊಡು’ ಎಂದು ಇಡೀ ತರಗತಿಗೆ ಹೇಳುವ ಶಿಕ್ಷಕಿಗೆ ಇಷ್ಟು ಗೊತ್ತಿದ್ದರೆ ಆ ಮಗುವಿಗೆ ಬೇರೆ ಮಾತಿನಲ್ಲಿ ಹೇಳಬಲ್ಲರು.

ಕಾನೂನುಗಳು ಮಾತ್ರ ತಮ್ಮ ದಾರಿಯಲ್ಲಿ ಬೆಳೆದವು. 2001ರ ಸರ್ವ ಶಿಕ್ಷಣ ಅಭಿಯಾನ ಯಾವ ಮಗುವನ್ನೂ ನಿರಾಕರಿಸಬಾರದೆಂದಿತು. ಬ್ಲಾಕ್ ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಬಂದರು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ತೀವ್ರ ಹಾಗೂ ಬಹುವಿಧ ನ್ಯೂನತೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ನೀಡಿತು. 1995ರ ಕಾಯ್ದೆಯ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನ್ಯೂನತೆಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಆಟಿಸಂ ಅನ್ನೂ ಸೇರಿಸಿತು. ಆದರೆ ಪಠ್ಯಕ್ರಮದ ಮಾತು ಬಂದಾಗ ಅದು ಕೊಟ್ಟ ಉದಾಹರಣೆಗಳು ಮತ್ತೆ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯ ವಿನಾಯಿತಿ. ಇವೆಲ್ಲ ಪರೀಕ್ಷೆಯ ಮುಂದೆ ಕುಳಿತ ವಿದ್ಯಾರ್ಥಿಗೆ ಅಗತ್ಯವೇ; ಎರಡನೆಯ ತರಗತಿಯಲ್ಲಿ ಕೂಡುವ ಲೆಕ್ಕ ತಿಳಿಯದೆ ಕುಳಿತ ಮಗುವಿಗೆ ಇವುಗಳಿಂದ ಏನೂ ಸಿಗುವುದಿಲ್ಲ. ಆ ಮಗುವಿಗೆ ಬೇಕಾದದ್ದು ಹತ್ತು ಕಡ್ಡಿಗಳ ಕಟ್ಟು, ಅದನ್ನು ಬಿಚ್ಚಿ ಬಿಡಿಯಾಗಿಸಿ ಮತ್ತೆ ಕಟ್ಟಲು ಬೇಕಾದಷ್ಟು ಹೊತ್ತು, ಜೊತೆಗೆ ಕೂರುವ ಒಬ್ಬರು.

ಆ ಒಬ್ಬರು ಯಾರು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಎತ್ತಿಕೊಂಡಿತು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದಕ್ಕೂ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಅನುಪಾತ ಆ ತೀರ್ಪಿನಿಂದ ಬಂದದ್ದು. ಊರಿನ ಶಾಲೆಗಳಲ್ಲಿ ಇಂಥ ಮಕ್ಕಳು ಇಲ್ಲೊಬ್ಬರು ಅಲ್ಲೊಬ್ಬರಾಗಿ ಚದುರಿರುವುದರಿಂದ, ಅನುಪಾತ ಪೂರ್ತಿ ಜಾರಿಯಾದರೂ ವಿಶೇಷ ಶಿಕ್ಷಕರು ಶಾಲೆಯಿಂದ ಶಾಲೆಗೆ ತಿರುಗಲೇಬೇಕಾಗುತ್ತದೆ. ಅವರು ಬಾರದ ದಿನಗಳಲ್ಲಿ ಮಗುವಿನ ಜೊತೆ ಇರುವವರು ತರಗತಿಯ ಶಿಕ್ಷಕರೇ. ಆದ್ದರಿಂದ ಆ ಮಗುವಿಗೆಂದು ಬರೆದಿಟ್ಟ ವೈಯಕ್ತಿಕ ಶಿಕ್ಷಣ ಯೋಜನೆಯ ಹಾಳೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಡತದಲ್ಲಿ ಇರುವುದಕ್ಕಿಂತ ಆ ಶಿಕ್ಷಕರ ಮೇಜಿನ ಮೇಲೆ, ದಿನದ ಪಾಠ ಟಿಪ್ಪಣಿಯ ಜೊತೆಗೆ ಇರಬೇಕು.