ಛೇದದಲ್ಲಿ ಯಾರಿದ್ದಾರೆ? 1950ರ ಲಂಡನ್ ಸಮೀಕ್ಷೆಯೊಂದರ ಲೆಕ್ಕ

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಬ್ರಿಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹೊಸ ರಸ್ತೆಗಳ ಡಾಂಬರು, ವಾಹನಗಳ ಹೊಗೆ ಇದಕ್ಕೆ ಕಾರಣವಿರಬಹುದೆಂಬ ಅನುಮಾನವೂ ಇತ್ತು. ನಿಜವಾದ ಕಾರಣವೇನೆಂದು ಪರೀಕ್ಷಿಸಲು ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ 20 ಆಸ್ಪತ್ರೆಗಳ ನೆರವಿನಿಂದ ಒಂದು ಸಮೀಕ್ಷೆ ನಡೆಸಿ, 1950ರ ಸೆಪ್ಟೆಂಬರಿನಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ ಪ್ರತಿಯೊಬ್ಬ ರೋಗಿಗೆ ಜೋಡಿಯಾಗಿ, ಬೇರೆ ಕಾಯಿಲೆಯಿಂದ ದಾಖಲಾಗಿದ್ದ, ಅದೇ ಲಿಂಗದ, ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಬ್ಬ ರೋಗಿಯನ್ನು ಆರಿಸಿ, ಇಬ್ಬರನ್ನೂ ಸಿಗರೇಟಿನ ಅಭ್ಯಾಸದ ಬಗ್ಗೆ ಒಂದೇ ಬಗೆಯಲ್ಲಿ ಪ್ರಶ್ನಿಸಲಾಯಿತು. ದಿನಕ್ಕೆ ಒಂದು ಸಿಗರೇಟಿನಂತೆ ಒಂದು ವರ್ಷ ಸೇದಿದ್ದರೂ ಅಂಥವರನ್ನು ಧೂಮಪಾನಿ ಎಂದೇ ಎಣಿಸಲಾಯಿತು.

ಪುರುಷರ ಲೆಕ್ಕವನ್ನು ನೋಡೋಣ. ಕ್ಯಾನ್ಸರ್ ಇದ್ದ 649 ಮಂದಿಯಲ್ಲಿ 647 ಜನ ಧೂಮಪಾನಿಗಳು, 2 ಜನ ಅಲ್ಲ. ಹೋಲಿಕೆಗೆ ತೆಗೆದುಕೊಂಡ 649 ಮಂದಿಯಲ್ಲಿ 622 ಜನ ಧೂಮಪಾನಿಗಳು, 27 ಜನ ಅಲ್ಲ. ಈ ಒಟ್ಟು 1,298 ಜನರಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ ಅವರು ಸಿಗರೇಟು ಸೇದದವರಾಗಿರುವ ಸಂಭವನೀಯತೆ 29 ಭಾಗಿಸು 1,298, ಅಂದರೆ ಸುಮಾರು ಶೇ. 2.2. ಇದು ಸರಳ ಸಂಭವನೀಯತೆ: ಇಲ್ಲಿ ಛೇದ, ಅಂದರೆ ಯಾವುದರಿಂದ ಭಾಗಿಸುತ್ತೇವೋ ಆ ಸಂಖ್ಯೆ, ಇಡೀ ಗುಂಪು.

‘ಆರಿಸಿದ ವ್ಯಕ್ತಿಗೆ ಕ್ಯಾನ್ಸರ್ ಇದೆ’ ಎಂಬುದು ಮೊದಲೇ ಗೊತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಉಳಿದ 649 ಜನರನ್ನು ಪಕ್ಕಕ್ಕಿಟ್ಟು, ರೋಗಿಗಳ ಸಾಲನ್ನಷ್ಟೇ ನೋಡಬೇಕು. ಸೇದದವರ ಪಾಲು 649ರಲ್ಲಿ 2, ಅಂದರೆ ಶೇ. 0.3. ಹೋಲಿಕೆಯ ಸಾಲಿನಲ್ಲಿ ಅದೇ ಪಾಲು 649ರಲ್ಲಿ 27, ಅಂದರೆ ಶೇ. 4.2. ಇವು ಷರತ್ತುಬದ್ಧ ಸಂಭವನೀಯತೆಗಳು. ಷರತ್ತು ಹಾಕುವುದೆಂದರೆ ಛೇದವನ್ನು ಕಿರಿದಾಗಿಸುವುದು, ಅಷ್ಟೇ.

ಧೂಮಪಾನಿಗಳ ಕಡೆಯಿಂದ ನೋಡಿದರೆ ಈ ಎರಡು ಸಾಲುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಕಾಣದು: ಒಂದರಲ್ಲಿ ಶೇ. 99.7, ಇನ್ನೊಂದರಲ್ಲಿ ಶೇ. 95.8. ಊರಿಗೆ ಊರೇ ಸೇದುತ್ತಿದ್ದ ಕಾಲವದು, ಆದ್ದರಿಂದಲೇ ಸಿಗರೇಟಿನ ಮೇಲೆ ಅನುಮಾನ ಮೂಡುವುದು ಕಷ್ಟವಾಗಿತ್ತು. ಹಾಗೆಂದು 2 ಮತ್ತು 27 ಎಂಬ ಪುಟ್ಟ ಸಂಖ್ಯೆಗಳ ಮೇಲೆ ಇಡೀ ವಾದವನ್ನು ನಿಲ್ಲಿಸುವುದೂ ಸರಿಯಲ್ಲ. ಹಾಗಾಗಿ ಸೇದುವ ಪ್ರಮಾಣವನ್ನು ಗಮನಿಸಬೇಕು. ದಿನಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುತ್ತಿದ್ದವರು ಕ್ಯಾನ್ಸರ್ ರೋಗಿಗಳಲ್ಲಿ 168 ಜನ, ಹೋಲಿಕೆಯ ಗುಂಪಿನಲ್ಲಿ 84 ಜನ, ಸರಿಯಾಗಿ ಇಮ್ಮಡಿ. ದಿನಕ್ಕೆ ಒಂದರಿಂದ ನಾಲ್ಕು ಸೇದುವವರಲ್ಲಿ ಲೆಕ್ಕ ತಿರುಗುಮುರುಗು: ರೋಗಿಗಳಲ್ಲಿ 33, ಹೋಲಿಕೆಯ ಗುಂಪಿನಲ್ಲಿ 55. ನನ್ನ ದೃಷ್ಟಿಯಲ್ಲಿ ಇಡೀ ಸಮೀಕ್ಷೆಯಲ್ಲಿ ಅತ್ಯಂತ ಬಲವಾದ ಸಾಕ್ಷ್ಯ ಈ ಏರಿಕೆಯೇ.

ಸಾಮಾನ್ಯ ಓದುಗರಿಗೆ ಬೇಕಾದ ಪ್ರಶ್ನೆ ಮಾತ್ರ ಬೇರೆ: ಸೇದುವವನಿಗೆ ಕ್ಯಾನ್ಸರ್ ಬರುವ ಸಂಭವನೀಯತೆ ಎಷ್ಟು? ಇದೇ ಕೋಷ್ಟಕದಿಂದ ಉತ್ತರ ತೆಗೆಯಲು ಹೊರಟರೆ, ಧೂಮಪಾನಿಗಳು ಒಟ್ಟು 1,269, ಅವರಲ್ಲಿ ರೋಗಿಗಳು 647, ಭಾಗಿಸಿದರೆ ಶೇ. 51 ಬರುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ, ಆದರೂ ಈ ಉತ್ತರಕ್ಕೆ ಅರ್ಥವಿಲ್ಲ. ಕೋಷ್ಟಕದ ಅರ್ಧದಷ್ಟು ಜನ ಕ್ಯಾನ್ಸರ್ ರೋಗಿಗಳಾಗಿರುವುದು ಸಮಾಜದಲ್ಲಿ ಹಾಗಿದೆಯೆಂದಲ್ಲ, ಸಂಶೋಧಕರು ಒಬ್ಬರಿಗೊಬ್ಬರಂತೆ ಆರಿಸಿಕೊಂಡರೆಂದು. ಹೋಲಿಕೆಗೆ ಹತ್ತು ಪಟ್ಟು ಜನರನ್ನು ತೆಗೆದುಕೊಂಡು, ಅವರಲ್ಲೂ ಸೇದುವವರ ಪ್ರಮಾಣ ಅಷ್ಟೇ ಇದ್ದಿದ್ದರೆ, ಛೇದ 647 ಮತ್ತು 6,220 ಸೇರಿ 6,867 ಆಗಿ, ಉತ್ತರ ಶೇ. 9.4ಕ್ಕೆ ಇಳಿಯುತ್ತಿತ್ತು. ಸಂಶೋಧಕರ ಆಯ್ಕೆಯೊಂದಿಗೆ ಬದಲಾಗುವ ಸಂಖ್ಯೆ ರೋಗದ ಬಗ್ಗೆ ಏನನ್ನೂ ಹೇಳಲಾರದು. ‘ರೋಗಿಯಾಗಿದ್ದರೆ ಧೂಮಪಾನಿಯಾಗಿರುವ’ ಸಂಭವನೀಯತೆಯನ್ನು ‘ಧೂಮಪಾನಿಯಾಗಿದ್ದರೆ ರೋಗಿಯಾಗುವ’ ಸಂಭವನೀಯತೆಯೆಂದು ಓದುವ ತಪ್ಪು ಸುದ್ದಿಗಳಲ್ಲಿ, ಭಾಷಣಗಳಲ್ಲಿ ಇಂದಿಗೂ ನುಸುಳುತ್ತಲೇ ಇರುತ್ತದೆ.

ಹೀಗೆ ಬದಲಾಗದೆ ಉಳಿಯುವ ಒಂದು ಸಂಖ್ಯೆ ಈ ಕೋಷ್ಟಕದಲ್ಲಿದೆ. ರೋಗಿಗಳಲ್ಲಿ ಸೇದುವವರು ಮತ್ತು ಸೇದದವರ ಅನುಪಾತ 647ಕ್ಕೆ 2; ಹೋಲಿಕೆಯ ಗುಂಪಿನಲ್ಲಿ 622ಕ್ಕೆ 27. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 14 ಸಿಗುತ್ತದೆ, ಹೋಲಿಕೆಯ ಗುಂಪನ್ನು ಹತ್ತು ಪಟ್ಟು ಹಿಗ್ಗಿಸಿದರೂ ಅದೇ 14. ರೋಗ ಅಪರೂಪದ್ದಾಗಿದ್ದಾಗ ಈ ಅನುಪಾತವು ಸೇದುವವರಿಗೆ ಸೇದದವರಿಗಿಂತ ಎಷ್ಟು ಪಟ್ಟು ಹೆಚ್ಚು ಅಪಾಯವಿದೆ ಎಂಬುದಕ್ಕೆ ಹತ್ತಿರವಾಗಿರುತ್ತದೆಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ 1951ರಲ್ಲಿ ತೋರಿಸಿದರು. ಎಷ್ಟು ಪಟ್ಟು ಎಂಬುದು ಹೀಗೆ ಸಿಕ್ಕರೂ, ನೂರರಲ್ಲಿ ಎಷ್ಟು ಜನರಿಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅದಕ್ಕೆ ಸಮೀಕ್ಷೆಯ ದಿಕ್ಕನ್ನೇ ತಿರುಗಿಸಬೇಕಾಯಿತು. 1951ರಲ್ಲಿ ಡಾಲ್ ಮತ್ತು ಹಿಲ್ ಬ್ರಿಟನ್ನಿನ ವೈದ್ಯರಿಗೆ ಪತ್ರ ಬರೆದು, ಅವರ ಧೂಮಪಾನದ ಅಭ್ಯಾಸವನ್ನು ಮೊದಲೇ ಕೇಳಿ ತಿಳಿದುಕೊಂಡು, ಬಳಿಕ ಯಾರು ಯಾವ ಕಾರಣದಿಂದ ತೀರಿಕೊಂಡರೆಂದು ಗಮನಿಸುತ್ತ ಬಂದರು. ಇಲ್ಲಿ ಛೇದದಲ್ಲಿರುವವರು ರೋಗಿಗಳಲ್ಲ, ಸೇದುವವರು ಮತ್ತು ಸೇದದವರು. ಹಾಗಾಗಿ ಬೇಕಾದ ಷರತ್ತುಬದ್ಧ ಸಂಭವನೀಯತೆ ನೇರವಾಗಿ ಭಾಗಾಕಾರದಿಂದಲೇ ಸಿಗುತ್ತದೆ. 1954ರ ಮೊದಲ ವರದಿಯ ಹೊತ್ತಿಗೆ 35 ವರ್ಷ ಮೀರಿದ ಪುರುಷ ವೈದ್ಯರಲ್ಲಿ 789 ಸಾವುಗಳು ದಾಖಲಾಗಿದ್ದವು. ಅವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಆದವು 36, ಆ 36 ಮಂದಿಯೂ ಧೂಮಪಾನಿಗಳು.