ಎರಡು ಗ್ರಾಂ ಗಡಿ

ಬಿಸಿರಕ್ತದ ಪ್ರಾಣಿ ಎಷ್ಟು ಚಿಕ್ಕದಾಗಬಹುದು? ಸುಮಾರು ಎರಡು ಗ್ರಾಂ. ಸಸ್ತನಿಗಳಲ್ಲಿ ಆ ಗಡಿಯಲ್ಲಿರುವುದು ಎಟ್ರುಸ್ಕನ್ ಸುಂಡಿಲಿ, ಹಕ್ಕಿಗಳಲ್ಲಿ ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್. (ಉದ್ದವನ್ನೇ ಅಳೆಯುವುದಾದರೆ ಥಾಯ್ಲೆಂಡ್, ಮ್ಯಾನ್ಮಾರ್‌ಗಳ ಪುಟಾಣಿ ಬಾವಲಿಯೊಂದು ಸುಂಡಿಲಿಯೊಡನೆ ಜಗಳಕ್ಕೆ ಬರುತ್ತದೆ.) ಸಸ್ತನಿ ಮತ್ತು ಹಕ್ಕಿಗಳ ವಂಶ ಕವಲೊಡೆದು 30 ಕೋಟಿ ವರ್ಷಗಳೇ ಆಗಿವೆ. ಆದರೂ ಎರಡೂ ಕಡೆಯವು ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬಂದು ನಿಂತಿವೆ.

ನಿಲ್ಲಿಸಿದ್ದು ಶಾಖ. ದೇಹ ಕುಗ್ಗಿದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಒಳಗಿನ ಬಿಸಿ ಬೇಗ ಸೋರಿಹೋಗುತ್ತದೆ. ಸೋರಿದ್ದನ್ನು ತುಂಬಲು ಸುಂಡಿಲಿ ದಿನಕ್ಕೆ ತನ್ನ ತೂಕದ ಒಂದೂವರೆಯಿಂದ ಎರಡು ಪಟ್ಟು ತಿನ್ನಬೇಕು. ಅದರ ಹೃದಯ ನಿಮಿಷಕ್ಕೆ 1500 ಸಲಕ್ಕೂ ಹೆಚ್ಚು ಬಡಿದದ್ದು ದಾಖಲಾಗಿದೆ. ಹಮ್ಮಿಂಗ್‌ಬರ್ಡ್ ಬಳಗದಲ್ಲಿ ಆ ಸಂಖ್ಯೆ 1200 ದಾಟಿದೆ.

ಹಕ್ಕಿಗೆ ಹೂವಿನ ಮಕರಂದವಿದೆ. ಸೆಕೆಂಡಿಗೆ ಸುಮಾರು 80 ಸಲ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಹೀರಿದ ಸಕ್ಕರೆ ಕೆಲವೇ ನಿಮಿಷಗಳಲ್ಲಿ ರೆಕ್ಕೆಯ ಸ್ನಾಯುಗಳಿಗೆ ಇಂಧನವಾಗುತ್ತದೆ. ಸುಂಡಿಲಿಗೆ ಈ ಸುಖವಿಲ್ಲ. ನನ್ನ ಮೆಚ್ಚುಗೆ ಅದಕ್ಕೇ ಹೆಚ್ಚು. ಕಣ್ಣು ಮಂದ, ಓಡಾಟ ಕತ್ತಲಲ್ಲಿ, ಬೇಟೆಯೋ ಹೆಚ್ಚುಕಡಿಮೆ ತನ್ನಷ್ಟೇ ದೊಡ್ಡ ಚಿಮ್ಮಂಡೆ. ಮೂತಿಯ ಮೀಸೆಗಳನ್ನು ಹಿಂದೆಮುಂದೆ ಆಡಿಸುತ್ತಾ ಸಾಗುವ ಅದು, ಮೀಸೆ ತಾಗಿದ ಮಾತ್ರಕ್ಕೆ ಹುಳುವಿನ ಆಕಾರ ಗುರುತಿಸಿ ಕಣ್ಣೆವೆ ಮುಚ್ಚುವುದರೊಳಗೆ ಕಚ್ಚುತ್ತದೆ. ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಚಿಮ್ಮಂಡೆ ಇಟ್ಟಾಗಲೂ ಎರಗಿದೆ: ವಾಸನೆಯಲ್ಲ, ಚಲನೆಯಲ್ಲ, ಸ್ಪರ್ಶವೇ ಸಾಕು.

ಆಹಾರ ಸಿಗದಾಗ ಸುಂಡಿಲಿಯೂ ಹಮ್ಮಿಂಗ್‌ಬರ್ಡ್‌ಗಳೂ ಹಿಡಿಯುವ ದಾರಿ ಒಂದೇ, ಬಿಸಿಯನ್ನೇ ಆರಿಸಿಬಿಡುವುದು. ಈ ಜಡಸ್ಥಿತಿಯಲ್ಲಿ ಸುಂಡಿಲಿಯ ಮೈ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬಲ್ಲದು. ಆಂಡಿಸ್ ಪರ್ವತದ ಒಂದು ಹಮ್ಮಿಂಗ್‌ಬರ್ಡ್‌ನಲ್ಲಿ ದಾಖಲಾದದ್ದು 3.3 ಡಿಗ್ರಿ! ಮತ್ತೆ ಎಚ್ಚರಗೊಳ್ಳಲು ಮೈ ನಡುಗಿಸಿ ಶಾಖ ಹುಟ್ಟಿಸಬೇಕು. ಆ ಖರ್ಚಿಗೆ ಬೇಕಾದಷ್ಟು ಕೊಬ್ಬು ಉಳಿದಿರದಿದ್ದರೆ ಎಚ್ಚರವೇ ಇಲ್ಲ.

ಪ್ರತಿ ಜೀವಿಗೂ ಇಂತಿಷ್ಟೇ ಎದೆಬಡಿತ ಎಂಬ ಮಾತು ಚಲಾವಣೆಯಲ್ಲಿದೆ. ಸುಂಡಿಲಿಯ ಎರಡು ವರ್ಷದ ಆಯಸ್ಸು ಅದಕ್ಕೆ ಸಾಕ್ಷಿಯಂತೆ ಕಾಣುತ್ತದೆ. ಹಮ್ಮಿಂಗ್‌ಬರ್ಡ್‌ಗಳು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ: ಅಮೆರಿಕದಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ, ನಾಲ್ಕು ಗ್ರಾಂ ಕೂಡ ತೂಗದ ಜಾತಿಯ ಹೆಣ್ಣೊಂದು 12 ವರ್ಷ ಬದುಕಿತ್ತು. ಹಾರಿ ತಪ್ಪಿಸಿಕೊಳ್ಳಬಲ್ಲ ಪ್ರಾಣಿಗಳು ಬೇಟೆಗಾರರ ಬಾಯಿಗೆ ಬೀಳುವುದು ಕಡಿಮೆ. ಅಂಥವುಗಳಲ್ಲಿ ಮುಪ್ಪು ತಡವಾಗಿ ಬರುವಂತೆ ವಿಕಾಸ ನಡೆದಿದೆ ಎಂಬುದು ಜೀವವಿಜ್ಞಾನಿಗಳ ಮುಖ್ಯ ವಿವರಣೆ. ಸಸ್ತನಿಯಾಗಿದ್ದೂ ಹಾರಬಲ್ಲ ಬಾವಲಿಗಳು ತಮ್ಮ ಗಾತ್ರದ ಇಲಿಗಳಿಗಿಂತ ಎಷ್ಟೋ ಹೆಚ್ಚು ಕಾಲ ಬದುಕುವುದು ಈ ವಿವರಣೆಗೆ ಬಲ ಕೊಡುತ್ತದೆ.