ಸಮುದ್ರದಲ್ಲಿ ಅವಸರ ಯಾರದ್ದು?

ಹಡಗು ಟ್ರ್ಯಾಕ್ ಮಾಡೋ ಆ್ಯಪ್‌ಗಳಿದ್ಯಲ್ಲ, ಅದ್ರಲ್ಲಿ ಯಾವ್ದಾದ್ರೂ ದೊಡ್ಡ ಬಂದರಿನ ಹೊರಗೆ ಝೂಮ್ ಮಾಡಿ ನೋಡಿ, ಚುಕ್ಕಿ ಚುಕ್ಕಿಯಾಗಿ ಹಡಗುಗಳು ಲಂಗರು ಹಾಕ್ಕೊಂಡು ದಿನಗಟ್ಲೆ ನಿಂತಿರ್ತವೆ. ತಮಾಷೆ ಏನಂದ್ರೆ ಅದ್ರಲ್ಲಿ ಎಷ್ಟೋ ಹಡಗು ಅಲ್ಲಿಗೆ ಓಡೋಡಿ ಬಂದಿರ್ತವೆ. ಕಾಯೋದಕ್ಕೆ ಓಡಿ ಬರೋದು!

ಕ್ಯಾಪ್ಟನ್ ಏನು ದಡ್ಡ ಅಲ್ಲ. ಸುಮಾರು ಬಂದರುಗಳಲ್ಲಿ ಮೊದಲು ಬಂದೋರಿಗೆ ಮೊದಲು ಜಾಗ, ಅದು ಒಂದು. ಇನ್ನೊಂದು, ಹಡಗನ್ನ ಬಾಡಿಗೆಗೆ ತಗೊಂಡೋರ ಕರಾರಿನಲ್ಲಿ ‘ತಡ ಮಾಡದೆ ಹೋಗಬೇಕು’ ಅಂತ ಒಂದು ಸಾಲು ಇರತ್ತೆ, ಅಲ್ಲಿ ಜಾಗ ಖಾಲಿ ಇಲ್ಲ ಅಂತ ಗೊತ್ತಿದ್ರೂ ನಿಧಾನಕ್ಕೆ ಹೋದ್ರೆ ಕರಾರು ಮುರಿದ ಹಾಗೆ. ಬೇಗ ಹೋಗಿ ಕಾದ್ರೆ ಎಷ್ಟೋ ಸಲ ಮಾಲೀಕನಿಗೆ ಡೆಮರೇಜ್, ಅಂದ್ರೆ ಹಡಗನ್ನ ಕಾಯಿಸಿದ್ದಕ್ಕೆ ಬಾಡಿಗೆದಾರರು ಕೊಡೋ ದುಡ್ಡೂ ಬರತ್ತೆ. ಅಂದ್ರೆ ಅವಸರ ಹುಟ್ಟೋದು ಇಂಜಿನ್ ರೂಮಲ್ಲಿ ಅಲ್ಲ, ಕಾಗದದ ಮೇಲೆ.

ಇದ್ರ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಹಡಗು ತಳ್ಳೋಕೆ ಬೇಕಾದ ಶಕ್ತಿ ವೇಗದ ಜೊತೆ ಸಮಸಮವಾಗಿ ಏರಲ್ಲ, ಹೆಚ್ಚುಕಮ್ಮಿ ವೇಗದ ಘನದ ಲೆಕ್ಕದಲ್ಲಿ ಏರತ್ತೆ. ವೇಗ 10% ಇಳಿಸಿದ್ರೆ ಶಕ್ತಿ ಸುಮಾರು 27% ಕಮ್ಮಿ ಸಾಕು, ಪ್ರಯಾಣ ಸ್ವಲ್ಪ ಉದ್ದ ಆಗೋದನ್ನ ಸೇರಿಸಿದ್ರೂ ಒಟ್ಟು ಇಂಧನ ಹತ್ತತ್ರ 19% ಉಳಿಯತ್ತೆ. ಹೊಸ ಇಂಧನ ಬೇಡ, ಹೊಸ ಇಂಜಿನ್ ಬೇಡ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಸುಮಾರು 3% ಹಡಗುಗಳದ್ದೇ ಆಗಿರೋವಾಗ ಇದೇನು ಚಿಲ್ಲರೆ ವಿಷ್ಯ ಅಲ್ಲ.

ಪರಿಸರದ ಮಾತು ಪಕ್ಕಕ್ಕಿಡಿ, ಹಳೇ ದುರಂತಗಳನ್ನ ತೆಗೆದು ನೋಡಿದ್ರೂ ಅವಸರವೇ ಕಾಣ್ಸತ್ತೆ. ಟೈಟಾನಿಕ್ ಅಂದ್ರೆ ಎಲ್ರೂ ಲೈಫ್‌ಬೋಟ್ ಕಥೆ ಹೇಳ್ತಾರೆ, ಅದೂ ನಿಜಾನೇ, ಹಡಗಲ್ಲಿ ಸುಮಾರು 2,200 ಜನ ಇದ್ರು, ಬೋಟುಗಳಲ್ಲಿ ಜಾಗ ಇದ್ದದ್ದು 1,178 ಜನಕ್ಕೆ, ಆದ್ರೂ ಅದು ಕಾನೂನು ಕೇಳಿದ್ದಕ್ಕಿಂತ ಜಾಸ್ತೀನೇ ಆಗಿತ್ತು ಯಾಕಂದ್ರೆ ಬ್ರಿಟನ್ನಿನ ನಿಯಮದ ಪಟ್ಟಿ 10,000 ಟನ್ನಿಗೇ ನಿಂತುಬಿಟ್ಟಿತ್ತು, ಹಡಗು ಮಾತ್ರ 46,000 ಟನ್ ಆಗಿತ್ತು. ಆದ್ರೆ ಅದು ಹಿಮಗಡ್ಡೆ ಇದೆ ಅನ್ನೋ ಎಚ್ಚರಿಕೆ ಬಂದ್ಮೇಲೂ ರಾತ್ರೀಲಿ ಸುಮಾರು 22 ನಾಟ್ (ಗಂಟೆಗೆ ಹತ್ತತ್ರ 40 ಕಿ.ಮೀ.) ವೇಗದಲ್ಲಿ ಹೋಗ್ತಿತ್ತು ಅನ್ನೋದು ನಂಗೆ ಅದಕ್ಕಿಂತ ದೊಡ್ಡ ವಿಷ್ಯ. 1914ರಲ್ಲಿ ಬಂದ, ಸಮುದ್ರದಲ್ಲಿ ಜೀವ ಉಳಿಸೋ ಸೋಲಾಸ್ ಒಪ್ಪಂದದಲ್ಲಿ, ಹಿಮಗಡ್ಡೆ ಸುದ್ದಿ ಬಂದ್ರೆ ರಾತ್ರಿ ವೇಗ ಇಳಿಸಿ ಇಲ್ಲಾ ದಾರಿ ಬದಲಿಸಿ ಅಂತ ಬರೆದ್ರು. 1967ರಲ್ಲಿ ಟೋರಿ ಕ್ಯಾನಿಯನ್ ಅನ್ನೋ ಟ್ಯಾಂಕರ್ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ರ ಬಂಡೆಗೆ ಬಡೀತು, ಲಕ್ಷ ಟನ್ನಿಗಿಂತ ಹೆಚ್ಚು ಕಚ್ಚಾತೈಲ ಇತ್ತು ಅದ್ರಲ್ಲಿ. ಕಾರಣ? ಮಿಲ್ಫರ್ಡ್ ಹೇವನ್ ಬಂದರಿನ ಭರತದ ಹೊತ್ತು ತಪ್ಪಿದ್ರೆ ದಿನಗಟ್ಲೆ ಕಾಯ್ಬೇಕು ಅಂತ ಹತ್ತಿರದ ದಾರಿ ಹಿಡಿದಿದ್ದು. ಸಮುದ್ರ ಮಾಲಿನ್ಯ ತಡೆಯೋ ಮಾರ್ಪೋಲ್ ಒಪ್ಪಂದದ ಬೇರು ಆ ಬಂಡೆ ಮೇಲಿದೆ.

ಹಾಗಾದ್ರೆ ನಿಯಂತ್ರಕರು ಎಲ್ರಿಗೂ ‘ನಿಧಾನ ಹೋಗಿ’ ಅಂತ ಬೋರ್ಡ್ ಹಾಕ್ಬೇಕಾ? ಕೆಲವು ಕಡೆ ಅದು ಸರಿ. ಅಮೆರಿಕದ ಪೂರ್ವ ಕರಾವಳೀಲಿ ರೈಟ್ ವೇಲ್ ತಿಮಿಂಗಿಲಗಳು ಓಡಾಡೋ ಕಡೆ, ಅವು ಇರೋ ತಿಂಗಳುಗಳಲ್ಲಿ, 65 ಅಡಿಗಿಂತ ಉದ್ದದ ಹಡಗುಗಳಿಗೆ 2008ರಿಂದ 10 ನಾಟ್ ಮಿತಿ ಇದೆ. ಬಾಸ್ಟನ್ ಹತ್ರ 2007ರಲ್ಲಿ ತಿಮಿಂಗಿಲಗಳಿಗೆ ಬಡೀದ ಹಾಗೆ ಹಡಗಿನ ದಾರಿಯನ್ನೇ ಪಕ್ಕಕ್ಕೆ ಸರಿಸಿದ್ರು. ಆದ್ರೆ ಇಡೀ ಸಾಗರಕ್ಕೆ ಒಂದೇ ಮಿತಿ ಇಟ್ರೆ ಕರಾರಿನ ಸಾಲು, ಬಂದರಿನ ಕ್ಯೂ ಎರಡೂ ಹಾಗೇ ಉಳಿಯತ್ತೆ. ಕೈ ಹಾಕ್ಬೇಕಾಗಿರೋದು ಅಲ್ಲಿ.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಕಥೆ ಕೇಳಿ. ಕಲ್ಲಿದ್ದಲು ಬಂದರು. 2007ರ ಜೂನಲ್ಲಿ ಭಾರಿ ಬಿರುಗಾಳಿ ಬಂದಾಗ ಹೊರಗಡೆ 50ಕ್ಕೂ ಹೆಚ್ಚು ಹಡಗು ಲಂಗರು ಹಾಕಿ ಸರದಿ ಕಾಯ್ತಿದ್ವು. ಪಾಶಾ ಬಲ್ಕರ್ ಅನ್ನೋ ಖಾಲಿ ಹಡಗು ದಡದಿಂದ ದೂರ ಹೊರಡೋದು ತಡ ಮಾಡ್ತು, ಖಾಲಿ ಹಡಗಂದ್ರೆ ನೀರಿಂದ ಎತ್ತರಕ್ಕೆ ಎದ್ದಿರತ್ತೆ, ಗಾಳಿಗೆ ಗೋಡೆ ಸಿಕ್ಕ ಹಾಗೆ, ಕೊನೆಗೆ ನಾಬೀಸ್ ಬೀಚಿಗೆ ಬಂದು ಕೂತೇಬಿಡ್ತು. ಸಿಬ್ಬಂದಿನ ಹೆಲಿಕಾಪ್ಟರಲ್ಲಿ ಎತ್ತಿದ್ರು. ಆಮೇಲೆ ಕೆಲವೇ ವರ್ಷದಲ್ಲಿ ಅಲ್ಲಿ ಹೊಸ ಪದ್ಧತಿ ಬಂತು, ಹಡಗು ಇನ್ನೂ ದೂರದಲ್ಲಿ ಇರೋವಾಗ್ಲೇ ಸರದಿ ಸಿಗತ್ತೆ, ಮುಂಚೆ ಓಡಿ ಬಂದ್ರೆ ಏನೂ ಲಾಭ ಇಲ್ಲ. ಕ್ಯೂ ಕರಗ್ತು, ಅದ್ರ ಜೊತೆ ಸುಮ್ನೆ ಸುಡ್ತಿದ್ದ ಎಣ್ಣೇನೂ. ಸುರಕ್ಷತೆಗೆ ಒಂದು ನಿಯಮ, ಪರಿಸರಕ್ಕೆ ಇನ್ನೊಂದು ಅಂತ ಬೇರೆ ಬೇರೆ ಫೈಲ್ ಮಾಡೋರು ಇದನ್ನ ನೋಡ್ಬೇಕು ಅನ್ಸತ್ತೆ ನಂಗೆ.

ತಪ್ಪು ಜಾಗದಲ್ಲಿ ಅಳೆಯೋ ನಿಯಮಾನೂ ಇದೆ. 2023ರಿಂದ ದೊಡ್ಡ ಹಡಗುಗಳಿಗೆ ಇಂಗಾಲದ ಲೆಕ್ಕದಲ್ಲಿ ಎ ಇಂದ ಇ ವರೆಗೆ ಗ್ರೇಡ್ ಕೊಡ್ತಾರೆ, ಉಗುಳಿದ ಇಂಗಾಲವನ್ನ ಹಡಗಿನ ಸಾಮರ್ಥ್ಯ, ಹೋದ ದೂರ ಎರಡರಿಂದ್ಲೂ ಭಾಗಿಸಿ. ಬಂದರಿನ ಹೊರಗೆ ಕಾಯೋ ಹಡಗು ಜನರೇಟರ್ ಉರಿಸ್ತಾನೇ ಇರತ್ತೆ, ದೂರ ಮಾತ್ರ ಸೊನ್ನೆ, ಹಾಗಾಗಿ ಕ್ಯೂ ಬಂದರಿನದ್ದು, ಮಾರ್ಕ್ಸ್ ಹೋಗೋದು ಹಡಗಿಂದು.

2019ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಬಂದರು-ಹಡಗು ಸಹಕಾರಕ್ಕೆ ಪ್ರೋತ್ಸಾಹ ಕೊಡಿ ಅಂತ ದೇಶಗಳನ್ನ ಕೇಳ್ಕೊಳ್ತು. ಕೇಳ್ಕೊಂಡಿದ್ದು ಅಷ್ಟೇ, ಕಡ್ಡಾಯ ಅಲ್ಲ. ಡಿಕ್ಕಿ ತಪ್ಪಿಸೋ 1972ರ ನಿಯಮಗಳ 6ನೇ ನಿಯಮ ‘ಸದಾ ಸುರಕ್ಷಿತ ವೇಗದಲ್ಲಿ ಹೋಗು’ ಅನ್ನತ್ತೆ, ಅಲ್ಲಿ ಯಾವ ಅಂಕಿನೂ ಇಲ್ಲ, ಎಲ್ಲಾ ಕ್ಯಾಪ್ಟನ್ ವಿವೇಕಕ್ಕೆ ಬಿಟ್ಟಿದ್ದು. ಆ ವಿವೇಕ ಕೆಲಸ ಮಾಡ್ಬೇಕಂದ್ರೆ ‘ನಿಂಗೆ ಜಾಗ ಗುರುವಾರ ಬೆಳಗ್ಗೆ ಆರಕ್ಕೆ’ ಅಂತ ಬಂದರಿನೋರು ಆತನಿಗೆ ಸೋಮವಾರವೇ ಹೇಳಿರ್ಬೇಕು, ಅಷ್ಟು ಹೊತ್ತಿಗೆ ಸರಿಯಾಗಿ ನಿಧಾನಕ್ಕೆ ಬಂದ್ರೆ ಕರಾರು ಮುರಿದ ಹಾಗಲ್ಲ ಅಂತ ಕಾನೂನಲ್ಲೂ ಬರೆದಿರ್ಬೇಕು.